ಮುಡಿಪಿನ ಹುಂಜ

ಕ್ರಿಸ್‌ಮಸ್ ಹತ್ತಿರ ಬಂತೆಂದರೆ ನಮ್ಮ ಮನೆಯಲ್ಲಿ ಸುಣ್ಣ ಹಚ್ಚುವ ಮೊದಲು ಜಗಳ ಹಚ್ಚುತ್ತೇವೆ. ಯಾವ ಸಾಮಾನು ಎಸೆಯಬೇಕು, ಯಾವುದು ಇರಬೇಕು ಎಂಬ ಜಗಳ. ಈ ಸಲ ಹೊಲಿಗೆ ಯಂತ್ರದ ಡ್ರಾಯರನ್ನು ನೆಲಕ್ಕೆ ಸುರುವಿದಾಗ ತುಕ್ಕು ಹಿಡಿದ ಸೂಜಿ, ಜೋಡಿ ತಪ್ಪಿದ ಗುಂಡಿಗಳ ನಡುವೆ ಬೆರಳಗಲದ ಒಂದು ಬಟ್ಟೆಯ ಪಟ್ಟಿ ಸಿಕ್ಕಿತು. ಕೆಂಪಂಚಿನ ಬಿಳಿ ಧೋತರದಿಂದ ಹರಿದದ್ದು. ನನ್ನ ಗಂಡ ಪ್ರಭಾಕರ ಅದನ್ನು ಎತ್ತಿಕೊಂಡು ಬೈಕಿನ ಕನ್ನಡಿ ಒರೆಸಲು ಹೊರಟರು. ನಾನು ಕೂಗಿದ ಕೂಗಿಗೆ ಪಕ್ಕದ ಮನೆಯ ಖೈರುನ್ ಖಾಲಾ ಗೋಡೆಯ ಮೇಲಿಂದ ಇಣುಕಿದರು.

"ಕ್ಯಾ ಹುವಾ ಬೇಟಿ? ಹಾವ ಬಂತೇನು?"

"ಹಾವಲ್ಲ ಖಾಲಾ. ಮುಡಿಪಿನ ಪಟ್ಟಿ. ಇವರು ಇದರಲೆ ಕನ್ನಡಿ ಒರಸಾಕ ಹೊಂಟಾರ."

"ಯಾ ಅಲ್ಲಾ! ಪ್ರಭಾಕರ, ನಿನಗ ಬುದ್ಧಿ ಅದನೋ ಇಲ್ಲೋ?" ಎಂದು ಖಾಲಾ ಬೈದರು. ಗಂಡ ಅಂಗಿಯ ತೋಳಿನಿಂದ ಕನ್ನಡಿ ಒರೆಸಿಕೊಂಡು ಕೆಲಸಕ್ಕೆ ಹೋದರು. ಪಟ್ಟಿ ನನ್ನ ಕೈಯಲ್ಲಿ ಉಳಿಯಿತು. ಅದರ ಕಥೆಯನ್ನು ನಾನೇ ಹೇಳಿಬಿಡುವುದು ಒಳ್ಳೆಯದು. ಖಾಲಾ ಹೇಳಿದರೆ ಅದರಲ್ಲಿ ಅವರು ಮತ್ತು ಹುಂಜ ಇಬ್ಬರೇ ಇರುತ್ತಾರೆ.

ಪ್ರಾರ್ಥನೆಯ ವಿಷಯದಲ್ಲಿ ನನ್ನ ಯೋಗ್ಯತೆ ಏನೆಂದು ಮೊದಲೇ ತಿಳಿಸಬೇಕು. ನನ್ನ ತವರು ಹುಮನಾಬಾದ. ಅಲ್ಲಿ ಶಾಲೆಗೆ ಹೋಗುತ್ತಿದ್ದಾಗ ನನ್ನ ಜಡೆ ಸೊಂಟದ ತನಕ ಬೆಳೆಯಲಿ ಎಂದು ದೇವರನ್ನು ಕೇಳಿದ್ದೆ. ಹೇನು ಬೆಳೆದವು. ಅವ್ವ ಕತ್ತರಿ ತಂದಳು. ಇನ್ನೊಂದು ಸಲ, ಗಣಿತದ ಮಾಸ್ತರರಿಗೆ ಸಣ್ಣ ಜ್ವರ ಬರಲಿ ಎಂದು ಮೊಣಕಾಲೂರಿ ಕೇಳಿದೆ. ಬಂತು. ಅವರ ಬದಲಿಗೆ ಹೆಡ್‌ಮಾಸ್ತರರೇ ಕೈಯಲ್ಲಿ ಛಡಿ ಹಿಡಿದುಕೊಂಡು ಗಣಿತ ಹೇಳಲು ಬಂದರು. ಗಣಿತದ ಮಾಸ್ತರರು ಬೇಗ ಹುಷಾರಾಗಲಿ ಎಂದು ಅಷ್ಟು ಅಳುತ್ತ ಪ್ರಾರ್ಥಿಸಿದ ವಿದ್ಯಾರ್ಥಿನಿ ಆ ಶಾಲೆಯಲ್ಲಿ ಬೇರೆ ಯಾರೂ ಇರಲಿಕ್ಕಿಲ್ಲ. ದೇವರಿಗೆ ಕೇಳಿಸುತ್ತದೆ ಎಂಬುದರಲ್ಲಿ ನನಗೆ ಆವಾಗ ಅನುಮಾನವಿರಲಿಲ್ಲ. ಕೇಳಿಸುತ್ತದಲ್ಲ ಎಂದು ಹೆದರಿಕೆಯಿತ್ತು.

ಅದೇ ಹುಮನಾಬಾದಿನ ಬಸ್‌ಸ್ಟ್ಯಾಂಡಿನಲ್ಲಿ ನಾನು ನನ್ನ ಮಾವನವರನ್ನು ಮೊದಲ ಸಲ ಕೇಳಿದ್ದು. ನೋಡಿದ್ದು ಆಮೇಲೆ. ಅಜ್ಜಿಯ ಊರು ಬಸವಕಲ್ಯಾಣವಾದ್ದರಿಂದ ರಜೆ ಬಂದ ಕೂಡಲೇ ಅವ್ವ ನಮ್ಮನ್ನು ಬಸ್‌ಸ್ಟ್ಯಾಂಡಿಗೆ ಎಳೆದುಕೊಂಡು ಬರುತ್ತಿದ್ದಳು. ಗದ್ದಲದಲ್ಲಿ ಬೋರ್ಡು ಓದುವ ಕಷ್ಟವೇ ಇರಲಿಲ್ಲ. ಎಲ್ಲಿಂದಲೋ ಒಂದು ಧ್ವನಿ ಏಳುತ್ತಿತ್ತು: "ರಾಜೇಶ್ವರ, ಬಂಗ್ಲಾ, ಕಲ್ಯಾಣ, ಕಲ್ಯಾಣ, ಕಲ್ಯಾಣ!" ಕೊನೆಯ ಕಲ್ಯಾಣವನ್ನು ಆ ಕಂಡಕ್ಟರು ಎಷ್ಟು ಎಳೆಯುತ್ತಿದ್ದರೆಂದರೆ, ಶೌಚಾಲಯದಲ್ಲಿದ್ದವರೂ ಕೈ ತೊಳೆದು ಬಂದು ಸೀಟು ಹಿಡಿಯಬಹುದಾಗಿತ್ತು. ಬೇರೆ ದಿಕ್ಕಿನ ಮನ್ನಾಏಖೇಳ್ಳಿಗೆ ಹೋಗಬೇಕಾದವರು ಸಹ ಆ ಧ್ವನಿಗೆ ಮರುಳಾಗಿ ಈ ಬಸ್ಸು ಹತ್ತಿ, ಅರ್ಧ ದಾರಿಯಲ್ಲಿ ಬೈದುಕೊಂಡು ಇಳಿದದ್ದನ್ನು ನಾನೇ ಕಂಡಿದ್ದೇನೆ.

ಆ ಕಂಡಕ್ಟರು ಪ್ರೇಮದಾಸಪ್ಪನವರು ಮುಂದೆ ನನ್ನನ್ನು ಸೊಸೆಯಾಗಿ ನೋಡಲು ನಮ್ಮ ಮನೆಗೆ ಬಂದರು. ಬಂದ ನೆಂಟರನ್ನೆಲ್ಲ "ಹಿಂದ ಸರೀರಿ, ಹಿಂದ ಜಾಗಾ ಅದ" ಎಂದು ನಮ್ಮದೇ ಮನೆಯ ಚಾಪೆಯ ಮೇಲೆ ಕೂರಿಸಿದರು. ನನಗೆ ಹುಡುಗ ಹೇಗಿದ್ದಾನೆಂದು ಸರಿಯಾಗಿ ನೋಡುವ ವ್ಯವಧಾನ ಸಿಗಲಿಲ್ಲ. ಧ್ವನಿಗೆ ಒಪ್ಪಿಕೊಂಡೆ ಎಂದು ಈಗಲೂ ಗಂಡನಿಗೆ ಹೇಳುತ್ತೇನೆ. ಅವರು ಅದನ್ನು ತಮಾಷೆ ಎಂದು ತಿಳಿದಿದ್ದಾರೆ.

ಬಸವಕಲ್ಯಾಣದ ನಮ್ಮ ಚರ್ಚಿನಲ್ಲಿ ಹಾಡು ಎತ್ತುವವರು ಮಾವ. ಸುಗ್ಗಿ ಹಬ್ಬದಲ್ಲಿ ಲಿಲಾವು, ಅಂದರೆ ಹರಾಜು, ಕೂಗುವವರೂ ಅವರೇ. ಸುಗ್ಗಿ ಹಬ್ಬದ ದಿನ ಜನ ತಮ್ಮ ಮೊದಲ ಬೆಳೆ, ಕೋಳಿ, ಮೊಟ್ಟೆ, ಕುಂಬಳಕಾಯಿ ತಂದು ದೇವರಿಗೆ ಒಪ್ಪಿಸುತ್ತಾರೆ. ಆರಾಧನೆ ಮುಗಿದ ಮೇಲೆ ಅವನ್ನೆಲ್ಲ ಅಂಗಳದಲ್ಲಿ ಲಿಲಾವು ಮಾಡುತ್ತಾರೆ. ಮಾವ ಮೇಜಿನ ಹಿಂದೆ ನಿಂತು "ಒಂದನೇ ಸಲ" ಎಂದು ಅಂಗೈಯಿಂದ ಮೇಜು ತಟ್ಟುವರು. "ಎರಡನೇ ಸಲ" ಎಂದು ಇನ್ನೊಮ್ಮೆ. ಆಮೇಲೆ ಕೈಯನ್ನು ಮೇಲೆಯೇ ಹಿಡಿದು ಎಲ್ಲರ ಮುಖ ನೋಡುವರು. ಆ ಕೈ ಮೂರನೇ ಸಲ ಮೇಜಿಗೆ ಬೀಳುವ ತನಕ ಏನೂ ಮುಗಿದಂತಲ್ಲ, ಯಾರು ಬೇಕಾದರೂ ಸವಾಲು ಏರಿಸಬಹುದು. ಬಿದ್ದ ಮೇಲೆ ಅಪೀಲು ಇಲ್ಲ. ಅವರು ಆ ಕೈಯನ್ನು ಎಷ್ಟು ಹೊತ್ತು ಗಾಳಿಯಲ್ಲಿ ಇಡುತ್ತಿದ್ದರೆಂದರೆ, ಒಂದು ಸಲ ಹುಡಗಿ ಎಂಬ ಹಳ್ಳಿಯಿಂದ ಬಂದ ಕುಂಬಳಕಾಯಿಯ ಬೆಲೆ ಕುರಿಯ ಬೆಲೆಗೆ ಹೋಗಿ ನಿಂತಿತು. ಕೊಂಡವರು ಆ ಮೇಲೆ ಮನೆಗೆ ಹೋಗಲು ಹಿಂದೆಮುಂದೆ ನೋಡಿದರು.

ನಿವೃತ್ತಿಯಾದ ಕೆಲವೇ ತಿಂಗಳಿಗೆ ಮಾವನವರಿಗೆ ಲಕ್ವಾ ಹೊಡೆಯಿತು. ಬಲಗೈ, ಬಲಗಾಲು ನಿಧಾನವಾಗಿ ಒಂದಷ್ಟು ತಿರುಗಿ ಬಂದವು. ಮಾತು ಬರಲಿಲ್ಲ. ಬಾಯಿ ತೆರೆಯುತ್ತಿದ್ದರು, ಗಂಟಲಿನ ನರ ಉಬ್ಬುತ್ತಿತ್ತು, ಗಾಳಿ ಮಾತ್ರ ಹೊರಬರುತ್ತಿತ್ತು. ನಮ್ಮ ಮನೆ ಅಷ್ಟು ಸುಮ್ಮನಿದ್ದದ್ದನ್ನು ನಾನು ಕಂಡಿರಲೇ ಇಲ್ಲ. ಆ ದಿನಗಳಲ್ಲಿ ನಾನು ಅಡುಗೆಮನೆಯಲ್ಲಿ ಬೇಕಂತಲೇ ಪಾತ್ರೆಗಳ ಸಪ್ಪಳ ಮಾಡುತ್ತಿದ್ದೆ.

ಆಗ ಅತ್ತೆ ಕರುಣಮ್ಮ ಹುಂಜದ ವ್ಯವಹಾರ ಮಾಡಿದ್ದು. ನಮ್ಮ ಕಡೆ ಒಂದು ಪದ್ಧತಿ ಇದೆ. ದೇವರಲ್ಲಿ ದೊಡ್ಡದೇನನ್ನಾದರೂ ಕೇಳುವಾಗ ಮನೆಯ ಒಂದು ಕೋಳಿಗೋ ಕುರಿಗೋ ಬಟ್ಟೆಯ ಪಟ್ಟಿ ಕಟ್ಟಿ ಮುಡಿಪು ಇಡುತ್ತಾರೆ. ಹರಕೆ ಎನ್ನುವಂತಿಲ್ಲ, ಹರಕೆ ಎಂದರೆ ಪಾಸ್ಟರ್ ಸಾಹೇಬರ ಹುಬ್ಬು ಏರುತ್ತದೆ. ಪ್ರಾರ್ಥನೆ ಕೈಗೂಡಿದ ಮೇಲೆ ಅದನ್ನು ಚರ್ಚಿಗೆ ಒಯ್ದು, ಎದ್ದು ನಿಂತು ದೇವರು ಮಾಡಿದ್ದಕ್ಕೆ ಸಾಕ್ಷಿ ಹೇಳಿ, ಸುಗ್ಗಿ ಹಬ್ಬದ ಲಿಲಾವಿಗೆ ಕೊಡಬೇಕು. ಅಲ್ಲಿಯವರೆಗೆ ಅದು ದೇವರ ಸೊತ್ತು, ಕೊಯ್ಯುವಂತಿಲ್ಲ, ಮಾರುವಂತಿಲ್ಲ. ಕೈಗೂಡದಿದ್ದರೆ ಏನು ಮಾಡಬೇಕು ಎಂಬುದನ್ನು ಯಾರೂ ಹೇಳಿಟ್ಟಿಲ್ಲ. ಪದ್ಧತಿ ಶುರು ಮಾಡಿದವರಿಗೆ ಆ ಪ್ರಸಂಗ ಹೊಳೆದಿರಲಿಕ್ಕಿಲ್ಲ.

ಅತ್ತೆ ಮಾವನ ಧೋತರದ ಅಂಚು ಹರಿದು ಒಂದು ಹುಂಜದ ಮರಿಯ ಕಾಲಿಗೆ ಕಟ್ಟಿದರು. ಬೆಳೆದ ಕೋಳಿ ಇರುವಾಗ ಮರಿ ಯಾಕೆ ಎಂದು ಕೇಳಿದೆ.

"ಡಾಕ್ಟರ್ ಸಾವಕಾಶ ಆಗ್ತದ ಅಂದಾನ. ದೇವರಿಗೂ ಟೈಮ್ ಕೊಡಬೇಕಲ್ಲವ್ವಾ," ಎಂದರು ಅತ್ತೆ. "ಇದು ಕೂಗಾಕ ಕಲಿಯೂದ್ರಾಗ ಅವರೂ ಮಾತಾಡ್ತಾರ ನೋಡು."

ಹುಂಜ ಕೂಗಲು ಕಲಿಯಿತು. ಅದು ಮೊದಲ ಸಲ ಕೂಗಿದಾಗ ನಾವೆಲ್ಲ ಅಂಗಳದಲ್ಲಿ ಚಹಾ ಕುಡಿಯುತ್ತಿದ್ದೆವು. ಒಡಕು ಧ್ವನಿಯಲ್ಲಿ ಅರ್ಧ ಕೂಗಿ ತನಗೇ ಗಾಬರಿಯಾಗಿ ನಿಂತಿತು. ನಾವು ಮೂವರೂ ಒಟ್ಟಿಗೆ ಮಾವನ ಕಡೆ ತಿರುಗಿದೆವು. ಮಾವ ಹುಂಜವನ್ನು ನೋಡಿದರು, ನಮ್ಮನ್ನು ನೋಡಿದರು, ಆಮೇಲೆ ಭುಜ ಕುಣಿಸುತ್ತ ಸದ್ದಿಲ್ಲದೆ ನಕ್ಕರು. ಅತ್ತೆ ನಗಲಿಲ್ಲ. ಖಾಲಿ ಕಪ್ಪು ತೆಗೆದುಕೊಂಡು ಒಳಗೆ ಹೋದರು.

ಆಮೇಲೆ ವರ್ಷಗಳು ಹೋದವು. ನಮ್ಮ ಓಣಿಯಲ್ಲಿ ಅಷ್ಟು ನಿಶ್ಚಿಂತೆಯಿಂದ ಬದುಕಿದ ಕೋಳಿ ಇನ್ನೊಂದಿಲ್ಲ. ಕ್ರಿಸ್‌ಮಸ್ಸಿಗೆ ಬಂದ ಬೀಗರು ಅದರ ತೊಡೆಯನ್ನು ಕಣ್ಣಲ್ಲೇ ತೂಗುತ್ತಿದ್ದರು. ಅತ್ತೆ ಅಂಗಡಿಯಿಂದ ಬೇರೆ ಕೋಳಿ ತರಿಸಿ ಸಾರು ಮಾಡಿಸುವರು. ಉಂಡು ಕೈ ತೊಳೆಯುವವರ ಎದುರಿಗೇ ಹುಂಜ ಎದೆ ಸೆಟೆದು ತಿರುಗಾಡುತ್ತಿತ್ತು. ಖೈರುನ್ ಖಾಲಾ ಅದಕ್ಕೆ ಹುಂಜ ಎನ್ನದೆ 'ಅಮಾನತ್' ಎನ್ನುತ್ತಿದ್ದರು, ಅಂದರೆ ನಂಬಿ ಒಪ್ಪಿಸಿದ್ದು. "ಖುದಾಂದು ಅಮಾನತ್ ಅದ ಬೇಟಿ, ಬೆಕ್ಕಿನ ಬಾಯಿಗಿ ಬಿದ್ರ ಇಬ್ಬರೂ ಜವಾಬ ಕೊಡಬೇಕಾಗ್ತದ," ಎಂದು ಅದಕ್ಕೆ ತಮ್ಮ ಮನೆಯ ಜೋಳ ಹಾಕುವರು. ಅದು ಅವರ ಮೆಣಸಿನಗಿಡಗಳನ್ನೆಲ್ಲ ಕೆದರಿ ಹಾಕಿದರೂ ಒಂದು ಮಾತು ಆಡಲಿಲ್ಲ. ಅದೇ ಮೆಣಸಿನಗಿಡದ ಹತ್ತಿರ ನನ್ನ ಗಂಡ ಒಮ್ಮೆ ಬೈಕು ನಿಲ್ಲಿಸಿದಾಗ ಖಾಲಾ ಆಡಿದ ಮಾತುಗಳನ್ನು ಇಲ್ಲಿ ಬರೆಯಲು ಬರುವುದಿಲ್ಲ.

ಚರ್ಚಿನಲ್ಲಿ ಪ್ರತಿ ಭಾನುವಾರ ಯಾರಾದರೂ ಸಾಕ್ಷಿಗೆ ಏಳುತ್ತಿದ್ದರು. ಒಬ್ಬರ ಬೋರಿಗೆ ನೀರು ಬಿತ್ತು. ಒಬ್ಬರ ಕಳೆದ ಎಮ್ಮೆ ಹಳ್ಳಿಖೇಡದಲ್ಲಿ ಕಬ್ಬಿನ ಟ್ರ್ಯಾಕ್ಟರುಗಳ ಸಾಲಿನ ನಡುವೆ ಸಿಕ್ಕಿತು. ನಾವು ಸ್ತೋತ್ರ ಎಂದು ಚಪ್ಪಾಳೆ ತಟ್ಟುತ್ತಿದ್ದೆವು. ಎಮ್ಮೆಯ ಸಾಕ್ಷಿಯ ದಿನ ನನಗೆ ನಿಜವಾಗಿಯೂ ಸಿಟ್ಟು ಬಂತು. ಎಮ್ಮೆ ಹುಡುಕಿಕೊಡಲು ಹಳ್ಳಿಖೇಡದ ತನಕ ಹೋಗುವ ದೇವರು ದಾರಿಯಲ್ಲಿ ನಮ್ಮ ಮನೆಗೆ ಒಂದು ಗಳಿಗೆ ಬಂದು ಹೋಗಬಾರದೇ ಎಂದು. ಆವತ್ತಿನಿಂದ ಮನೆಯ ಸಂಜೆಯ ಪ್ರಾರ್ಥನೆಯಲ್ಲಿ ನಾನು ಕಣ್ಣು ಮಾತ್ರ ಮುಚ್ಚುತ್ತಿದ್ದೆ. ಒಳಗೆ, ಮರುದಿನಕ್ಕೆ ಬೇಳೆ ಇದೆಯೇ, ಗ್ಯಾಸ್ ಎಷ್ಟು ದಿನ ಬರುತ್ತದೆ ಎಂಬ ವಿಚಾರ. ನನ್ನ ಜೀವನದಲ್ಲಿ ದಿನಸಿ ಅಷ್ಟು ಅಚ್ಚುಕಟ್ಟಾಗಿದ್ದದ್ದು ಆ ವರ್ಷಗಳಲ್ಲೇ.

ಅತ್ತೆಯ ಪ್ರಾರ್ಥನೆ ಮಾತ್ರ ಬದಲಾಗಲಿಲ್ಲ. "ಕರ್ತನೇ, ಅವರ ಬಾಯಾಗ ಮಾತ ಕೊಡು. ನಿನ್ನ ಹುಂಜ ತಯಾರದ." ಇಷ್ಟೇ. ಮಾವ ಮಂಚದ ಅಂಚನ್ನು ಅಂಗೈಯಿಂದ ಒಮ್ಮೆ ತಟ್ಟುವರು. ಅದು ಅವರ ಆಮೆನ್.

ಒಮ್ಮೆ ದೂರದಿಂದ ಬಂದ ಉಪದೇಶಕರೊಬ್ಬರು ಮಾವನ ತಲೆಯ ಮೇಲೆ ಕೈಯಿಟ್ಟು ಬಹಳ ಹೊತ್ತು ಪ್ರಾರ್ಥಿಸಿದರು. ಏನೂ ಆಗದಿದ್ದಾಗ ಬೆವರು ಒರೆಸಿಕೊಂಡು, "ಈ ಮನೆಯಲ್ಲಿ ಯಾರದೋ ವಿಶ್ವಾಸ ಕಡಿಮೆ ಇದೆ" ಎಂದರು. ನಾನು ನೆಲ ನೋಡಿದೆ. ಗಂಡ ನನ್ನನ್ನು ನೋಡಿದರು.

"ಕಡಿಮಿ ಇದ್ರ ಇರ್ಲಿ ಬಿಡ್ರಿ," ಎಂದರು ಅತ್ತೆ. "ಇದ್ದಷ್ಟರಾಗೇ ನಡಸಾಕತ್ತೇವಿ. ಚಹಾ ತಗೋರಿ, ಆರಾಕತ್ತದ."

ಉಪದೇಶಕರು ಚಹಾ ತೆಗೆದುಕೊಂಡರು. ಹೋಗುವಾಗ ಹುಂಜ ಅವರ ಚಪ್ಪಲಿಯ ಮೇಲೆ ಕೂತಿತ್ತು. ಅದನ್ನು ಎಬ್ಬಿಸುವ ಅಧಿಕಾರ ನಮಗಿಲ್ಲ ಎಂದು ನಾನು ವಿನಯದಿಂದ ಹೇಳಿದೆ.

ಕೊನೆಗೆ ಹುಂಜಕ್ಕೂ ವಯಸ್ಸಾಯಿತು. ಒಂದು ಕಣ್ಣಿಗೆ ಪೊರೆ ಬಂತು. ಕೂಗಲು ಕತ್ತು ಚಾಚಿ, ಯಾಕೆ ಚಾಚಿದೆನೆಂದು ಮರೆತು, ಸುಮ್ಮನೆ ಇಳಿಸುತ್ತಿತ್ತು. ಹೋದ ವರ್ಷ ಸುಗ್ಗಿ ಹಬ್ಬದ ಹಿಂದಿನ ದಿನ ಅತ್ತೆ ಅದನ್ನು ಬಿಸಿನೀರಿನ ಬಟ್ಟೆಯಿಂದ ಒರೆಸುತ್ತ ಕೂತಿದ್ದರು.

"ನಾಳೆ ಇದನ್ನ ಒಯ್ದು ಕೊಟ್ಟುಬಿಡ್ತೇನಿ," ಎಂದರು.

"ಮಾವಗ ಮಾತ ಬಂದಿಲ್ಲಲ್ಲ ಅತ್ತಿ?"

"ಇಲ್ಲ. ಆದ್ರ ದೇವರ ಸೊತ್ತು ನಮ್ಮ ಅಂಗಳದಾಗ ಸತ್ತರ ನಾ ಏನ ಹೇಳ್ಲಿ?"

"ಹಂಗಾದ್ರ ಕೇಳೂದು ಬಿಡ್ತೀರೇನು?"

ಅತ್ತೆ ಕೈಯಲ್ಲಿದ್ದ ಬಟ್ಟೆಯನ್ನು ನೀರಿಗೆ ಹಾಕಿದರು. ಹುಂಜದ ಕಾಲಿನ ಪಟ್ಟಿಯ ಗಂಟನ್ನು ಎಳೆದೆಳೆದು ಬಿಗಿ ಮಾಡಿದರು. ಆಗ ನನಗೆ ಅರ್ಥವಾಯಿತು. ಹುಂಜ ಮನೆಯಲ್ಲಿರುವ ತನಕ ಅತ್ತೆಯ ಅರ್ಜಿಗೆ ಜೀವವಿತ್ತು. ನಾಳೆ ಅದು ಲಿಲಾವಾದರೆ ಅವರ ಮಟ್ಟಿಗೆ ಮಾವನ ಮಾತು ಇನ್ನು ಬರುವುದಿಲ್ಲ ಎಂದೇ ಲೆಕ್ಕ. ದೇವರ ಮೇಲೆ ಸಿಟ್ಟಾಗಿದ್ದ ನನಗೆ ಅದರಿಂದ ಏನೂ ಆಗಬಾರದಿತ್ತು. ಆದರೆ ಆಯಿತು. ಅತ್ತೆಯೂ ಕೈಬಿಟ್ಟರೆ ನಮ್ಮ ಮನೆಯಲ್ಲಿ ಕೇಳುವವರು ಯಾರು? ನಾನಂತೂ ಬೇಳೆಯ ಲೆಕ್ಕದಲ್ಲಿದ್ದೆ. ಮಾವ ಮಂಚದ ಮೇಲೆ ಒರಗಿ ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದರು.

ಮರುದಿನ ಚರ್ಚಿನಲ್ಲಿ, ಸಾಕ್ಷಿ ಹೇಳುವವರು ಏಳಬಹುದು ಎಂದು ಪಾಸ್ಟರ್ ಸಾಹೇಬರು ಕರೆದಾಗ ಅತ್ತೆ ಹುಂಜವನ್ನು ಕಂಕುಳಲ್ಲಿಟ್ಟುಕೊಂಡು ಎದ್ದರು. ಅಷ್ಟು ವರ್ಷಗಳಿಂದ ಆ ಹುಂಜವನ್ನು ಬಲ್ಲ ಸಭೆಯೆಲ್ಲ ಒಮ್ಮೆಲೇ ಮಾವನ ಕಡೆ ತಿರುಗಿತು. ಮುಂದಿನ ಸಾಲಿನವರೊಬ್ಬರು ಚಪ್ಪಾಳೆಗೆ ಕೈ ಎತ್ತಿಯೇ ಬಿಟ್ಟರು.

"ಉತ್ತರ ಬಂದಿಲ್ರಿ," ಎಂದರು ಅತ್ತೆ. "ಹುಂಜಕ್ಕ ವಯಸ್ಸಾತು. ಅದಕ್ಕ ತಂದೇನಿ. ತಗೋರಿ."

ಎತ್ತಿದ ಕೈಗಳು ಹಾಗೆಯೇ ನಿಂತವು. ಇಂಥ ಸಾಕ್ಷಿಗೆ ಸ್ತೋತ್ರ ಎನ್ನಬೇಕೋ ಅಯ್ಯೋ ಎನ್ನಬೇಕೋ ಯಾರಿಗೂ ತಿಳಿಯಲಿಲ್ಲ. ಪಾಸ್ಟರ್ ಸಾಹೇಬರು ಒಳ್ಳೆಯವರು. ಕೆಮ್ಮಿದರು, ಕನ್ನಡಕ ತೆಗೆದು ಮತ್ತೆ ಹಾಕಿಕೊಂಡರು, "ಇಂಥ ಕಾಣಿಕಿ ನಾ ಎಂದೂ ತಗೊಂಡಿಲ್ರಿ ಕರುಣಮ್ಮ" ಎಂದು ಎರಡೂ ಕೈಯಿಂದ ಹುಂಜವನ್ನು ಇಸಿದುಕೊಂಡರು. ಅದು ಅವರ ಬಿಳಿ ನಿಲುವಂಗಿಯ ಮೇಲೆ ತನ್ನ ಗುರುತು ಬಿಟ್ಟಿತು.

ಅಂಗಳದಲ್ಲಿ ಲಿಲಾವು ಶುರುವಾಯಿತು. ಮಾವನ ನಂತರ ಆ ಕೆಲಸ ಹಿರಿಯರಾದ ಜಯರಾಜಣ್ಣನ ಪಾಲಿಗೆ ಬಂದಿತ್ತು. ಅವರದು ಗುಟ್ಟು ಹೇಳುವಂಥ ಧ್ವನಿ. ಹುಂಜದ ಸರದಿ ಬಂದಾಗ ಹೆದ್ದಾರಿಯ ಬದಿಗೆ ಢಾಬಾ ನಡೆಸುವವನೊಬ್ಬ ಸವಾಲು ಹಾಕಿದ. ಮುದಿ ಹುಂಜ ಕುದಿಯಲು ಎಷ್ಟು ಹೊತ್ತು ಹಿಡಿಯುತ್ತದೆಂದು ಪಕ್ಕದವನನ್ನು ಕೇಳುತ್ತಲೇ ಇದ್ದ. ಅತ್ತೆ ಬೇರೆ ಕಡೆ ಮುಖ ತಿರುಗಿಸಿದರು. ಆಗ ಕುರ್ಚಿಯಲ್ಲಿ ಕೂತಿದ್ದ ಮಾವ ಎಡಗೈ ಮೇಲೆತ್ತಿದರು.

"ನಿಮಗ ಏನ ಬೇಕ್ರಿ, ನೀರೇನ್ರಿ?" ಎಂದರು ಜಯರಾಜಣ್ಣ.

ಮಾವ ಕೈ ಇಳಿಸಲಿಲ್ಲ. ಸವಾಲು ಎಂದು ತಿಳಿಯಲು ಜಯರಾಜಣ್ಣನಿಗೆ ಸ್ವಲ್ಪ ಹೊತ್ತು ಬೇಕಾಯಿತು. ಢಾಬಾದವನು ಏರಿಸಿದ. ಮಾವನ ಕೈ ಇನ್ನೂ ಮೇಲೇ ಇತ್ತು. ನನ್ನ ಗಂಡ ಮೆಲ್ಲಗೆ ತಮ್ಮ ಕಿಸೆ ಮುಟ್ಟಿ ನೋಡಿಕೊಂಡರು. ಢಾಬಾದವನು ಮತ್ತೆ ಏರಿಸಿದ. ಆಗ ಮಾವ ಕೋಲೂರಿ ಎದ್ದರು. ಕಾಲು ಎಳೆಯುತ್ತ ಮೇಜಿನ ತನಕ ಹೋದರು. ತಮ್ಮ ಎದೆಯನ್ನು ಒಮ್ಮೆ ಮುಟ್ಟಿ ತೋರಿಸಿ, ಅಂಗೈಯಿಂದ ಮೇಜನ್ನು ತಟ್ಟಿದರು. ಒಂದು. ಎರಡು. ಈ ಸಲ ಯಾರ ಮುಖವನ್ನೂ ನೋಡಲಿಲ್ಲ. ಮೂರು.

ಸವಾಲು ಹಾಕಿದವನೇ ಲಿಲಾವು ಮುಗಿಸುವುದು ಎಲ್ಲಿಯ ನ್ಯಾಯ ಎಂದು ಢಾಬಾದವನು ಕೇಳಬಹುದಿತ್ತು, ಕೇಳಲಿಲ್ಲ. ಮೇಜು ಆ ಸದ್ದು ಕೇಳಿ ಎಷ್ಟೋ ವರ್ಷವಾಗಿತ್ತು. ಪಾಸ್ಟರ್ ಸಾಹೇಬರು ಹುಂಜವನ್ನು ತಂದು ಮಾವನ ಎಡ ಕಂಕುಳಿಗೆ ಕೊಟ್ಟರು.

ಆಟೋದಲ್ಲಿ ಅತ್ತೆ ಮಾವನಿಗೆ ಬೆನ್ನು ಮಾಡಿ ಕೂತರು. ಮನೆ ಹತ್ತಿರ ಬಂದಾಗ ಕಟ್ಟೆ ಒಡೆಯಿತು.

"ದೇವರಿಗಿ ಕೊಟ್ಟದ್ದು ತಿರುಗಿ ತರ್ತಾರೇನ್ರಿ? ಊರ ಮುಂದ ನನ್ನ ಮಾನ ಕಳದ್ರಿ. ಈಗ ಇದೇನು, ದೇವರದೋ ನಮ್ಮದೋ? ಯಾರಿಗಿ ಕೇಳ್ಲಿ ನಾ?"

ಮಾವ ಅಂಗಳದಲ್ಲಿ ಕೂತು ಹುಂಜವನ್ನು ಮೊಣಕಾಲುಗಳ ನಡುವೆ ಹಿಡಿದರು. ಎಡಗೈಯಿಂದ ಅದರ ಕಾಲಿನ ಪಟ್ಟಿಯ ಗಂಟು ಬಿಚ್ಚತೊಡಗಿದರು. ಹಿಂದಿನ ದಿನವಷ್ಟೇ ಅತ್ತೆ ಬಿಗಿ ಮಾಡಿದ್ದ ಗಂಟು. ಬಲಗೈಯ ಬೆರಳು ಸಹಾಯಕ್ಕೆ ಬರಲಿಲ್ಲ, ಹಲ್ಲು ಹಚ್ಚಿದರು. ನಾನು ಮುಂದೆ ಹೋದಾಗ ಕಣ್ಣಲ್ಲೇ ತಡೆದರು. ಗೋಡೆಯ ಆಚೆ ಖಾಲಾ ಬಂದು ನಿಂತರು. ಗಂಟು ಬಿಚ್ಚಿತು. ಮಾವ ಪಟ್ಟಿಯನ್ನು ನನ್ನ ಕೈಗೆ ಕೊಟ್ಟು, ಹುಂಜವನ್ನು ನೆಲಕ್ಕೆ ಬಿಟ್ಟರು. ಅದು ಬರಿಗಾಲನ್ನು ಎರಡು ಸಲ ಒದರಿ, ನೇರವಾಗಿ ಖಾಲಾನ ಮೆಣಸಿನಗಿಡಗಳ ಕಡೆ ನಡೆಯಿತು.

ಮಾವ ಅತ್ತೆಯ ಕಡೆ ತಿರುಗಿ ಎರಡೂ ಕೈ ಜೋಡಿಸಲು ನೋಡಿದರು. ಬಲಗೈ ಅರ್ಧಕ್ಕೇ ನಿಂತಿತು. ಅತ್ತೆ ಹೋಗಿ ಆ ಕೈಯನ್ನು ಹಿಡಿದು ಎಡಗೈಗೆ ಕೂಡಿಸಿದರು. ಆಮೇಲೆ ಸೆರಗಿನಿಂದ ಮೂಗು ಒರೆಸಿಕೊಂಡು, ಚಹಾಕ್ಕೆ ಇಡು ಎಂದು ನನ್ನ ಮೇಲೆ ರೇಗಿದರು.

ಆ ಸಂಜೆಯ ಪ್ರಾರ್ಥನೆಗೆ ನಾವು ಎಂದಿನಂತೆ ಮಂಚದ ಸುತ್ತ ಕೂತೆವು. ಅತ್ತೆ ಸೆರಗನ್ನು ತಲೆಗೆ ಹೊದ್ದರು, ಸರಿಸಿದರು, ಮತ್ತೆ ಹೊದ್ದರು. ಕೇಳುವುದನ್ನು ನಿಜವಾಗಿಯೂ ಬಿಟ್ಟರು ಎಂದುಕೊಂಡೆ.

"ಕರ್ತನೇ," ಎಂದರು ಕೊನೆಗೆ. "ಈಗ ನಿನಗ ಕೊಡಾಕ ನನ್ನ ಕೈಯಾಗ ಏನೂ ಇಲ್ಲ. ಹುಂಜಾನೂ ಇಲ್ಲ. ಸುಮ್ಮ ಕೇಳಾಕತ್ತೇನಿ. ಅವರ ಬಾಯಾಗ ಮಾತ ಕೊಡು."

ನಾನೂ ಕೇಳಿದೆ. ಅವತ್ತು ಬೇಳೆಯ ನೆನಪು ಬರಲಿಲ್ಲ. ಮರುದಿನ ಮನೆಯಲ್ಲಿ ಬೇಳೆ ಇರಲೂ ಇಲ್ಲ.

ಮಾವ ಆಮೆನ್‌ಗೆ ಮಂಚದ ಅಂಚನ್ನು ತಟ್ಟಿದರು. ಎಂದಿನಂತೆ ಒಂದು ಸಲ. ಎಂದೂ ಇಲ್ಲದಂತೆ ಇನ್ನೊಂದು ಸಲ. ಆಮೇಲೆ ಕೈಯನ್ನು ಮೇಲೆಯೇ ಹಿಡಿದು ನಮ್ಮೆಲ್ಲರ ಮುಖ ನೋಡಿದರು. ಅತ್ತೆ ಕಾದರು. ನಾನು ಕಾದೆ. ಮಾವ ಮೂರನೇ ಸಲ ತಟ್ಟದೆ ಆ ಕೈಯನ್ನು ನಿಧಾನವಾಗಿ ತಮ್ಮ ಮಡಿಲಿಗೆ ಇಳಿಸಿಕೊಂಡರು.

ಇವತ್ತಿಗೂ ಸಂಜೆ ಎರಡೇ ಸಲ ತಟ್ಟುತ್ತಾರೆ.